ಒಂದು ರವಿವಾರಕ್ಕೆ ಒಂದೇ ಊರು

“ಅಕ್ಕಾರ, ಕಣಕುಂಬಿಯಿಂದ ಕಿತ್ತೂರಿಗೆ ಎಷ್ಟ ತಾಸ ಆಗತೈತ್ರಿ?”

ಕಂಪೌಂಡಿನ ಆಚೆಯಿಂದ ಬಾಜೂ ಮನೆಯ ತಂಗಿ ಕೇಳಿದಳು. ಬೆಂಗಳೂರಿನಿಂದ ಅವಳ ಅಣ್ಣ, ವೈನಿ, ಮಕ್ಕಳು ಬರುವವರಿದ್ದಾರೆ. ಶನಿವಾರ ಮುಂಜಾನೆ ಬಂದು ರವಿವಾರ ರಾತ್ರಿ ರೈಲಿಗೆ ವಾಪಸ್. ಅಣ್ಣ ಮೊಬೈಲಿಗೆ ಪಟ್ಟಿ ಕಳಿಸಿದ್ದಾನೆ: ರಾಜಹಂಸಗಡದ ಮೇಲೆ ಸೂರ್ಯೋದಯ, ಆಮೇಲೆ ನಂದಗಡ, ಹಲಸಿ, ಮಧ್ಯಾಹ್ನ ಕಣಕುಂಬಿ, ಸಂಜೆ ಕಿತ್ತೂರು ಕೋಟೆ, ಹೊತ್ತು ಉಳಿದರೆ ಗೋಕಾಕ ಫಾಲ್ಸ್. ಎಲ್ಲವೂ ಒಂದೇ ರವಿವಾರ.

“ಇಷ್ಟೆಲ್ಲಾ ಊರಾಗ ಇಳಿಯೂದು ಯಾವಾಗ ತಂಗೀ?” ಅಂದೆ.

“ಹತ್ತ ಹತ್ತ ಮಿನಿಟ ಇಳದ್ರ ಸಾಕು ಅಂತಾನ್ರೀ. ಮತ್ತ ಯಾವಾಗ ಬರ್ತೀವೋ ಏನೋ ಅಂತ ಅವಂಗ.”

ಆ ಕಳವಳ ನನಗೆ ಅರ್ಥವಾಗುತ್ತದೆ. ದೊಡ್ಡ ಊರಿನಲ್ಲಿ ದುಡಿಯುವವರಿಗೆ ರಜೆ ಸಿಗುವುದೇ ಕಷ್ಟ. ಸಿಕ್ಕ ಒಂದು ದಿನದಲ್ಲಿ ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆ ಸಹಜ. ಆದರೆ ಹಾಗೆ ತಿರುಗಿ ಬಂದವರನ್ನು ಮಾತಾಡಿಸಿ ನೋಡಿ. ಎಲ್ಲಿ ರಸ್ತೆ ಕೆಟ್ಟಿತ್ತು, ಎಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ ಎಂದು ಹೇಳುತ್ತಾರೆ. ಗುಡಿಯಲ್ಲಿ ಏನಿತ್ತು ಅಂದರೆ ಫೋಟೋ ತೆಗೆದು ನೋಡಬೇಕು. ಬೆಳಗಾವಿಯಲ್ಲೇ ಇರುವ ನಾವೂ ಇದಕ್ಕೆ ಹೊರತಲ್ಲ. ಈಗ ನಮ್ಮದೂ ದೊಡ್ಡ ಊರೇ. ವಾರವೆಲ್ಲಾ ಗಡಿಬಿಡಿ, ರವಿವಾರ ಬಂದರೆ ಆ ಗಡಿಬಿಡಿಯನ್ನೇ ಕಾರಿನಲ್ಲಿ ಹಾಕಿಕೊಂಡು ಹಳ್ಳಿಯ ಕಡೆ ಹೊರಡುತ್ತೇವೆ. ನಾನು ತಂಗಿಗೆ ಹೇಳಿದ್ದು ಇಷ್ಟು: ಒಂದು ರವಿವಾರಕ್ಕೆ ಒಂದೇ ಊರು ಹಿಡಿ. ಆ ಊರಲ್ಲಿ ಕುಂತು ಉಣ್ಣಲು ಒಂದು ಜಾಗ ಹುಡುಕು. ಉಳಿದ ಊರುಗಳು ಎಲ್ಲಿಗೂ ಓಡಿ ಹೋಗುವುದಿಲ್ಲ.

“ಹಂಗಾರ ಯಾವ ಊರ ಹಿಡಿಲ್ರೀ?”

ಮಹಾಂತೇಶ ನಗರದಲ್ಲಿ ಮನೆ ಮಾಡಿದವರು ಊರಿಗಿಂತ ಮೊದಲು ದಿಕ್ಕನ್ನು ನೋಡಬೇಕು. ನಮ್ಮ ಬಡಾವಣೆ ಇರುವುದು ಬೆಳಗಾವಿಯ ಉತ್ತರಕ್ಕೆ, ಹೈವೇದ ಮಗ್ಗಲಲ್ಲಿ. ಹಾಲಿನ ಡೇರಿಯ ಕಡೆಯಿಂದ ಹೈವೇ ಹಿಡಿದರೆ ಗೋಕಾಕಿಗೆ, ಹಿಡಕಲ್ ಡ್ಯಾಮಿಗೆ, ಎಂ.ಕೆ. ಹುಬ್ಬಳ್ಳಿಗೆ, ಕಿತ್ತೂರಿಗೆ ಪೇಟೆಯೊಳಗೆ ಹೊಗದೆಯೇ ಹೋಗಬಹುದು. ಮುಂಜಾನೆ ನಾಷ್ಟಾ ಮುಗಿಸಿ ಸಾವಕಾಶ ಹೊರಟರೂ ನಡೆಯುತ್ತದೆ. ಖಾನಾಪುರದ ಕಡೆ ಹಾಗಲ್ಲ. ಚನ್ನಮ್ಮ ಸರ್ಕಲ್, ಆರ್‌ಪಿಡಿ ಕ್ರಾಸ್, ಮೂರನೇ ಗೇಟ್, ಉದ್ಯಮಬಾಗ, ಪೀರನವಾಡಿ ಅಂತ ಇಡೀ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಬೇಕು. ಅಂಗಡಿಗಳ ಬಾಗಿಲು ತೆರೆಯುವ ಮೊದಲೇ ದಾಟಿದವರಿಗೆ ಅದು ಆರಾಮದ ದಾರಿ. ಒಂಬತ್ತು ಗಂಟೆಗೆ ಹೊರಟರೆ ಊರು ಬಿಡುವುದರೊಳಗೇ ಮಕ್ಕಳು “ಇನ್ನೂ ಎಷ್ಟ ದೂರ” ಅಂತ ಕೇಳಲು ಸುರು ಮಾಡುತ್ತವೆ.

ಪೀರನವಾಡಿಯಲ್ಲಿ ಹಾದಿ ಎರಡಾಗುತ್ತದೆ. ಒಂದು ಕಿಣಯೆ, ಜಾಂಬೋಟಿ, ಕಣಕುಂಬಿ ಹಾಯ್ದು ಚೋರ್ಲಾ ಘಾಟಿನಿಂದ ಗೋವೆಗೆ ಇಳಿಯುವುದು. ಇನ್ನೊಂದು ಮಚ್ಛೆ, ದೇಸೂರು ದಾಟಿ ಖಾನಾಪುರಕ್ಕೆ ಹೋಗುವುದು. ಜಾಂಬೋಟಿಯಿಂದ ಖಾನಾಪುರಕ್ಕೆ ಅಡ್ಡರಸ್ತೆ ಇದೆ, ಖರೆ. ಅದು ಇದೆ ಎಂದು ಎರಡೂ ಹಾದಿಯನ್ನು ಒಂದೇ ದಿನಕ್ಕೆ ಗಂಟು ಹಾಕಬಾರದು. ತಂಗಿಯ ಅಣ್ಣ ಮಾಡಿದ್ದು ಅದನ್ನೇ. ಮೇಲಾಗಿ ಕಿತ್ತೂರು ಇರುವುದು ಧಾರವಾಡದ ಹಾದಿಯಲ್ಲಿ, ಗೋಕಾಕ ಅದಕ್ಕೂ ಬೇರೆ ಕಡೆ. ಈಗ ದೀಪಾವಳಿ ಮುಗಿದಿದೆ. ಸಂಜೆ ಆರಕ್ಕೆಲ್ಲಾ ಹೊತ್ತು ಮುಳುಗುತ್ತದೆ. ಡಿಸೆಂಬರಿನಲ್ಲಿ ಬೆಳಕು ಇರುವುದೇ ಸುಮಾರು 11 ತಾಸು. ಅದರಲ್ಲಿ ಆರೇಳು ತಾಸು ಗಾಡಿಯಲ್ಲೇ ಕಳೆದರೆ ಹಳ್ಳಿ ನೋಡಲು ಏನು ಉಳಿಯಿತು?

ನಮ್ಮ ಸೀಮೆಯ ಮಂದಿಗೆ ಒಂದು ದಿನದ ಹೊರಸಂಚಾರ ಹೊಸದೇನೂ ಅಲ್ಲ. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಿದ್ದುದು ಮತ್ತೇನು? ಹಿಂದಿನ ದಿನ ರಾತ್ರಿಯೇ ಬುತ್ತಿಯ ತಯಾರಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಕರಿಗಡಬು, ಹೋಳಿಗೆ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೊಸರನ್ನ. ಮುಂಜಾನೆ ಚಕ್ಕಡಿಯಲ್ಲಿ ಬುತ್ತಿ, ಮುದುಕರು, ಕೂಸು, ನೆರೆಮನೆಯವರು ಎಲ್ಲರೂ ಏರುವರು. ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ಬೆಳೆಯ ಸುತ್ತ ಚರಗ ಚೆಲ್ಲಿ ಬಂದು ಪಂಕ್ತಿ ಕೂಡುವರು. ಉಂಡ ಮೇಲೆ ಹಿರಿಯರು ಅಲ್ಲೇ ಅಡ್ಡಾಗುವರು, ಮಕ್ಕಳು ಜೋಕಾಲಿ ಕಟ್ಟುವರು. ಹೊತ್ತು ಇಳಿಯುತ್ತಲೇ ಮನೆಗೆ. ಒಂದೇ ಹೊಲ, ಒಂದೇ ಗಿಡ, ಇಡೀ ದಿನ. “ಆ ಹೊಲಾನೂ ನೋಡಬೇಕಾಗಿತ್ತು” ಎಂದು ಯಾರೂ ಹಳಹಳಿಸಿದ್ದಿಲ್ಲ. ದಿನ ಹೇಗೆ ಕಳೆಯಬೇಕೆಂಬುದನ್ನು ಬೆಳಕು, ಹಸಿವು, ಎತ್ತಿನ ನಡಿಗೆ ಹೇಳುತ್ತಿದ್ದವು. ಈಗ ಎತ್ತಿನ ಬದಲು ಕಾರು ಬಂತು ಅಷ್ಟೆ. ಬೆಳಕು, ಹಸಿವು, ಮುದುಕರ ಮೊಣಕಾಲು ಅವೇ ಇವೆ.

“ನಮ್ಮ ಅತ್ತೀನೂ ಬರ್ತಾರ್ರೀ. ಅವರ ಕಾಲು ಬ್ಯಾನಿ...” ಅಂದಳು ತಂಗಿ.

“ಹಂಗಾರ ಹಲಸಿ ಹಿಡಿ,” ಅಂದೆ. “ಗುಡಿತನಕ ಗಾಡಿ ಹೋಗತೈತಿ. ಅತ್ತೀಗೆ ಕಂಬಕ್ಕ ಆತು ಕುಂದರಾಕ ಕಟ್ಟಿ ಐತಿ.”

ಹಲಸಿಯ ಬಗ್ಗೆ ಮಾತು ಬಂದರೆ ನನಗೆ ನಿಲ್ಲಿಸಲಾಗುವುದಿಲ್ಲ. ಖಾನಾಪುರ ನಮ್ಮಿಂದ ಸುಮಾರು 26 ಕಿಲೋಮೀಟರ್. ಅಲ್ಲಿಂದ ನಂದಗಡ ದಾಟಿ ಹೋದರೆ ಈ ಸಣ್ಣ ಹಳ್ಳಿ. ಬನವಾಸಿಯ ಕದಂಬರ ಕಾಲದಲ್ಲಿ ಇದು ಪಲಾಶಿಕಾ. ಅವರಿಗೆ ಎರಡನೆಯ ರಾಜಧಾನಿಯಂತಿದ್ದ ಊರು. ಐದನೆಯ ಶತಮಾನದಲ್ಲಿ ಮೃಗೇಶವರ್ಮ ತನ್ನ ತಂದೆ ಶಾಂತಿವರ್ಮನ ನೆನಪಿಗೆ ಇಲ್ಲಿ ಜಿನಾಲಯ ಕಟ್ಟಿಸಿದ. ಈಗಿನ ಭೂವರಾಹ ನರಸಿಂಹ ಗುಡಿ ಆಮೇಲಿನದು, ಹನ್ನೆರಡನೆಯ ಶತಮಾನದ ಗೋವೆಯ ಕದಂಬರದು. ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ಬೇಕು. ಆಮೇಲೆ ಒಂದೊಂದೇ ಗೋಚರಿಸುತ್ತದೆ: ಗರ್ಭಗುಡಿ ಒಂದಲ್ಲ, ಎರಡು, ಅವು ಎದುರುಬದುರು ಇವೆ, ಒಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ. ನಡುವಿನ ಕಂಬಗಳ ಮಧ್ಯೆ ಕುಂತರೆ ಎರಡೂ ಕಡೆ ದೇವರು. ಹತ್ತು ಮಿನಿಟಿಗೆ ಇಳಿದವರು ಒಂದು ಕಡೆ ಕೈಮುಗಿದು ಹೊರಗೆ ಬಂದುಬಿಡುತ್ತಾರೆ, ಬೆನ್ನ ಹಿಂದೆ ಇನ್ನೊಂದು ಇದೆ ಎಂಬುದು ಅವರ ಗಮನಕ್ಕೇ ಬರುವುದಿಲ್ಲ.

ಈ ಊರಿನಲ್ಲಿ ಸಿಕ್ಕ ತಾಮ್ರಪಟಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸನತಜ್ಞ ಫ್ಲೀಟ್ ಓದಿ ಪ್ರಕಟಿಸಿದರು. ಆದಿ ಕದಂಬರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಅವುಗಳಿಂದ ಬಂದದ್ದು. ಅದರಲ್ಲಿ ರವಿವರ್ಮನ ಶಾಸನವೊಂದು ನನಗೆ ಬಹಳ ಹಿಡಿಸುತ್ತದೆ. ಪಲಾಶಿಕೆಯಲ್ಲಿ ಪ್ರತಿ ವರ್ಷ ಕಾರ್ತಿಕ ಹುಣ್ಣಿಮೆಗೆ ಎಂಟು ದಿನದ ಜಿನೋತ್ಸವ ನಡೆಯಬೇಕು, ಮಳೆಯ ನಾಲ್ಕು ತಿಂಗಳು ಯತಿಗಳ ಊಟಕ್ಕೆ ವ್ಯವಸ್ಥೆಯಾಗಬೇಕು ಎಂದು ಅರಸ ಗೊತ್ತು ಮಾಡಿದ. ಊರೂರು ತಿರುಗುವುದೇ ಬದುಕಾದ ಜೈನ ಯತಿಗಳೂ ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲುತ್ತಿದ್ದರು. ಅವರು ನಿಂತ ಸೀಮೆ ಇದು. ಗುಡಿ ನೋಡಿ ಮುಗಿಯಿತು ಅನ್ನಿಸಿದರೆ ಬಸದಿ ಇದೆ, ಕಲ್ಮೇಶ್ವರ, ಸುವರ್ಣೇಶ್ವರ ಗುಡಿಗಳಿವೆ, ಸ್ವಲ್ಪ ದೂರದ ಗುಡ್ಡದ ಮೇಲೆ ರಾಮತೀರ್ಥ ಇದೆ. ನಡೆಯಬಲ್ಲವರು ನಡೆಯಲಿ. ಅತ್ತೆ ಕಟ್ಟೆಯ ಮೇಲೆ ಕುಂತು ಊರಿನ ಹೆಣ್ಣುಮಕ್ಕಳ ಜೊತೆ ಮಾತಿಗೆ ಇಳಿಯಲಿ. ಅಲ್ಲಿ ಮರಾಠಿಯೂ ನಡೆಯುತ್ತದೆ, ಕನ್ನಡವೂ ನಡೆಯುತ್ತದೆ. ನಮ್ಮ ಬೆಳಗಾವಿಯ ಹಿರಿಯರಿಗೆ ಎರಡರಲ್ಲೂ ಸುಖದುಃಖ ಮಾತಾಡಲು ಬರುತ್ತದೆ. ಸುಗ್ಗಿಯ ದಿನ, ಖಾನಾಪುರ ತಾಲೂಕಿನ ಭತ್ತದ ಗದ್ದೆಗಳಲ್ಲಿ ಕೊಯ್ಲು ನಡೆದಿರುತ್ತದೆ. ರಾಶಿ ಹೇಗೆ ಮಾಡುತ್ತಾರೆಂದು ಬೆಂಗಳೂರಿನ ಮಕ್ಕಳು ನೋಡಬೇಕಾದರೆ ಗಾಡಿ ನಿಲ್ಲಿಸಿ, ಗದ್ದೆಯವರನ್ನು ಮಾತಾಡಿಸಿ, ಬದುವಿನ ಮೇಲೆ ಕುಂತರೆ ಸಾಕು.

“ನಂದಗಡ ಹಾದ್ಯಾಗ ಐತೆಲ್ರೀ. ಅದನ್ನ ಬಿಡೂದ?”

ಅದನ್ನು ಬಿಡಲು ನಾನೂ ಹೇಳುವುದಿಲ್ಲ. ಒಂದೇ ಹಾದಿಯಲ್ಲಿ ಇರುವುದರಿಂದ ಮಾತ್ರವಲ್ಲ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು ಗಲ್ಲಿಗೇರಿಸಿದ್ದು ನಂದಗಡದಲ್ಲಿ. ಅವನ ಸಮಾಧಿಯ ಬಳಿ ದೊಡ್ಡ ಆಲದ ಮರವಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಆ ಮರಕ್ಕೆ ಸಣ್ಣ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂದು ಬೇಡಿಕೊಳ್ಳುವ ಜಾಗ. ಶಾಲೆಯ ಪುಸ್ತಕದಲ್ಲಿ ರಾಯಣ್ಣ ಒಂದು ಪುಟ. ಇಲ್ಲಿ ತಾಯಂದಿರು ಅವನನ್ನು ಇನ್ನೂ ಮಗನಾಗಿ ಕರೆಯುತ್ತಿದ್ದಾರೆ. ತೊಟ್ಟಿಲು ಯಾಕೆ ಕಟ್ಟಿದ್ದಾರೆ ಎಂದು ಮಗು ಕೇಳುತ್ತದೆ. ಆ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಹೇಳುವಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಂಡು ಹೋಗಬೇಕು. ಹೋಗುವಾಗ ಹಲಸಿ, ಬರುವಾಗ ಇಳಿಹೊತ್ತಿನಲ್ಲಿ ನಂದಗಡ. ದಿನಕ್ಕೆ ಅಷ್ಟು ತುಂಬಾ ಆಯಿತು.

“ಮತ್ತ ಕಣಕುಂಬಿ? ಮಲಪ್ರಭಾ ಹುಟ್ಟೂದು ನೋಡಬೇಕಂತ್ರಿ ಹುಡುಗೂರಿಗೆ.”

ಕಣಕುಂಬಿಗೆ ಬೇರೆ ದಿನ. ಮಲಪ್ರಭೆಯನ್ನು ನೋಡಲು ಒಂದು ರವಿವಾರ ಸಾಲುವುದೂ ಇಲ್ಲ. ಮಾವುಲಿ ಗುಡಿಯ ಹತ್ತಿರ ಹುಟ್ಟಿ, ಜಾಂಬೋಟಿ ಕಡೆಯ ಕಾಡಿನಿಂದ ಇಳಿದು, ಖಾನಾಪುರ ಪೇಟೆಯನ್ನು ಸವರಿ, ಎಂ.ಕೆ. ಹುಬ್ಬಳ್ಳಿ ದಾಟಿ, ಸವದತ್ತಿಯ ನವಿಲುತೀರ್ಥದಲ್ಲಿ ಡ್ಯಾಮಿಗೆ ನಿಂತು, ಪಟ್ಟದಕಲ್ಲು ಐಹೊಳೆಗಳ ಮಗ್ಗಲಲ್ಲಿ ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ನದಿ. 300 ಕಿಲೋಮೀಟರಿಗೂ ಮಿಕ್ಕಿದ ಹರಿವು. ಇದನ್ನೇ ನಕ್ಷೆಯಾಗಿ ಇಟ್ಟುಕೊಂಡು ವರ್ಷದಲ್ಲಿ ಒಂದೊಂದು ಜಾಗಕ್ಕೆ ಹೋಗುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರವಾಸ. ಒಮ್ಮೆ ಹುಟ್ಟಿನ ಕುಂಡ. ಇನ್ನೊಮ್ಮೆ ಹಬ್ಬನಹಟ್ಟಿ, ಅಲ್ಲಿ ಮಾರುತಿ ಗುಡಿ ನದಿಯ ದಂಡೆಯ ಮೇಲೇ ಇದೆ, ಮಳೆ ಜೋರಾದಾಗ ಗುಡಿ ನೀರಿನಲ್ಲಿ ಮುಳುಗಿದ ಸುದ್ದಿ ಪೇಪರಿನಲ್ಲಿ ಬರುತ್ತದೆ. ಮತ್ತೊಮ್ಮೆ ಖಾನಾಪುರದ ಹತ್ತಿರದ ಅಸೋಗಾ, ನದಿಯ ದಂಡೆಗೆ ರಾಮಲಿಂಗೇಶ್ವರ. ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಹೆಂಡತಿ ಗಂಗಾಂಬಿಕೆಯ ಐಕ್ಯ ಮಂಟಪ ನದಿಯ ಪಾತ್ರದಲ್ಲೇ ಇದೆ. ಹೈವೇದಿಂದ ಇಳಿದರೆ ಹತ್ತಿರ, ವಯಸ್ಸಾದವರಿಗೆ ಚಲೋ. ಹಬ್ಬನಹಟ್ಟಿಯಲ್ಲಿ ಹಳ್ಳದಂತೆ ಕಂಡ ನೀರು ಎಂ.ಕೆ. ಹುಬ್ಬಳ್ಳಿಗೆ ಬರುವಷ್ಟರಲ್ಲಿ ಎಷ್ಟು ಬೆಳೆದಿದೆ ಎಂಬುದು ಮಕ್ಕಳಿಗೆ ತಾನಾಗಿ ಕಾಣುತ್ತದೆ. ಪಟ್ಟದಕಲ್ಲು, ಐಹೊಳೆ, ಸಂಗಮ ಮಾತ್ರ ಇಲ್ಲಿಂದ ಒಂದು ದಿನದ ಮಾತಲ್ಲ; ಅಲ್ಲಿ ರಾತ್ರಿ ಉಳಿಯಬೇಕು.

ಕಣಕುಂಬಿಗೆ ಹೋದಾಗ ಮಕ್ಕಳಿಗೆ ತೋರಿಸಬೇಕಾದದ್ದು ಇನ್ನೂ ಒಂದಿದೆ. ಇಲ್ಲಿ ಹುಟ್ಟಿದ ಮಲಪ್ರಭೆ ಮೂಡಲಿಗೆ ಹರಿದು, ಕೃಷ್ಣೆಯೊಡನೆ ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಇದೇ ಖಾನಾಪುರ ತಾಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟಿದ ಮಹದಾಯಿ ಪಡುವಲಿಗೆ ಇಳಿದು, ಗೋವೆಯಲ್ಲಿ ಮಾಂಡೋವಿ ಆಗಿ ಪಣಜಿಯ ಬಳಿ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಒಂದೇ ಮೋಡದ ಮಳೆ ಗುಡ್ಡದ ಯಾವ ಮಗ್ಗಲಿಗೆ ಬಿತ್ತು ಎನ್ನುವುದರ ಮೇಲೆ ಯಾವ ಸಮುದ್ರ ಎಂಬುದು ನಿಶ್ಚಯ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಬಂಡೂರಿ ಯೋಜನೆ ಎಂದು ನಾವು ವರ್ಷಗಟ್ಟಲೆ ಕೇಳುತ್ತಿದ್ದೇವಲ್ಲ, ಆ ಕಳಸಾ ನಾಲೆ ಇರುವುದು ಕಣಕುಂಬಿಯ ಹತ್ತಿರವೇ. 2018ರಲ್ಲಿ ನ್ಯಾಯಮಂಡಳಿ ಮಹದಾಯಿಯಿಂದ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಆ ಅಂಕಿ ಪೇಪರಿನಲ್ಲಿ ಓದುವುದು ಬೇರೆ. ಆ ಗುಡ್ಡದ ಮೇಲೆ ನಿಂತು, ಈ ಕಡೆ ಬಯಲು, ಆ ಕಡೆ ಘಾಟು ನೋಡಿ, ನೀರಿಗಾಗಿ ನರಗುಂದ ನವಲಗುಂದದ ರೈತರು ಯಾಕೆ ಬೀದಿಗೆ ಇಳಿದರು, ಗೋವೆಯವರಿಗೆ ಯಾಕೆ ಸಂಕಟ ಎಂದು ಯೋಚಿಸುವುದು ಬೇರೆ. ಅದಕ್ಕೆ ಕನಿಷ್ಠ ಒಂದು ಮಧ್ಯಾಹ್ನವನ್ನಾದರೂ ಕೊಡಬೇಕು.

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಳಿಗಾಲದಾಗ ಹ್ವಾದ್ರ ಫಾಲ್ಸ್ ಚಲೋ ಕಾಣತಾವಂತ್ರಿ, ಭೀಮಗಡದ ಕಡೆ” ಅಂದಳು.

ಈ ಮಾತಿಗೆ ನಾನು ಕಟುವಾಗಿಯೇ ಉತ್ತರ ಕೊಟ್ಟೆ. ಕಾಡಿನೊಳಗಿನ ಜಲಪಾತ ಹುಡುಕಿಕೊಂಡು ಮಳೆಗಾಲದಲ್ಲಿ ಮಕ್ಕಳನ್ನು ಕರೆದೊಯ್ಯುವುದು ಬ್ಯಾಡವೇ ಬ್ಯಾಡ. ಆ ಕಡೆ ಬೆಳಗಾವಿಗಿಂತ ಎಷ್ಟೋ ಪಟ್ಟು ಮಳೆ. ಇಲ್ಲಿ ಬಿಸಿಲಿದ್ದರೂ ಮೇಲೆ ಸುರಿದ ನೀರು ಹಳ್ಳದಲ್ಲಿ ಒಮ್ಮೆಲೇ ಬರುತ್ತದೆ, ಬಂಡೆ ಪಾಚಿಗಟ್ಟಿರುತ್ತದೆ, ಫೋನಿಗೆ ರೇಂಜ್ ಇರುವುದಿಲ್ಲ. ಭೀಮಗಡ 2011ರಿಂದ ವನ್ಯಜೀವಿಧಾಮ, 190 ಚದರ ಕಿಲೋಮೀಟರಿನಷ್ಟು ಕಾಡು. ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಲಿಡಬಾರದು. ತಳೇವಾಡಿಯ ಬಳಿ ಬಾರಾಪೇಡೆ ಗುಹೆಗಳಲ್ಲಿ ಒಂದು ಜಾತಿಯ ಬಾವಲಿ ಇದೆ; ಜಗತ್ತಿನಲ್ಲಿ ಅದು ಇಲ್ಲಿ ಮಾತ್ರ ಉಂಟು ಎಂದು ಬಹಳ ಕಾಲ ತಿಳಿದಿದ್ದರು. ಟಾರ್ಚು ಹಿಡಿದ ಮಂದಿ ಅವುಗಳ ಮನೆಗೆ ನುಗ್ಗುವುದು ನನಗಂತೂ ಒಪ್ಪಿಗೆಯಿಲ್ಲ. ಇದೆ ಎಂದು ತಿಳಿದು ದೂರದಿಂದಲೇ ಸಂತೋಷಪಡುವ ಜಾಗಗಳೂ ಇರಬೇಕು. ನೀರು ಬೀಳುವುದನ್ನು ನೋಡಲೇಬೇಕಾದರೆ ಗೋಕಾಕ ಇದೆ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವುದನ್ನು ದೂರ ನಿಂತು ಕಣ್ತುಂಬ ನೋಡಬಹುದು. ಆದರೆ ಅದೂ ಒಂದು ಇಡೀ ದಿನದ ಊರು, ಸಂಜೆಗೆ ತುರುಕುವಂಥದ್ದಲ್ಲ.

ಕಾರೇ ಬೇಕೆಂದೂ ಇಲ್ಲ. ಬೆಳಗಾವಿ ಸ್ಟೇಶನ್ನಿನಿಂದ ಪ್ಯಾಸೆಂಜರ್ ಹತ್ತಿದರೆ ದೇಸೂರು, ಇದ್ದಲಹೊಂಡ, ಖಾನಾಪುರ, ಗುಂಜಿ, ಲೋಂಡಾ. ಬಯಲು ಹಿಂದಾಗಿ ಹಸಿರು ದಟ್ಟವಾಗುತ್ತಾ ಹೋಗುವುದನ್ನು ಕಿಟಕಿಯಿಂದ ನೋಡಲು ಮಕ್ಕಳಿಗೆ ಬಿಡಬೇಕು. ಖಾನಾಪುರದಲ್ಲಿ ಇಳಿದರೆ ನದಿ ಇದೆ, ಹೆಂಚಿನ ಭಟ್ಟಿಗಳ ಊರದು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲೇ ಇದೆ. ಆಟೋ ಮಾಡಿಕೊಂಡು ಅಸೋಗಾಕ್ಕೆ ಹೋಗಿ, ಉಂಡು, ಕಾಲು ನೀರಲ್ಲಿ ಇಳಿಬಿಟ್ಟು ಕುಂತು ಬರಬಹುದು. ತಿರುಗಿ ಬರುವ ರೈಲಿನ ವೇಳೆಯನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು. ಅದು ತಪ್ಪಿದರೆ ಬೆಳಗಾವಿ ಬಸ್ಸು ಇದ್ದೇ ಇದೆ. ಗಾಡಿ ಹೊಡೆಯುವವನಿಗೂ ಒಂದು ದಿನ ರಜೆ ಸಿಗಲಿ ಅಲ್ಲವೆ? ಪ್ರವಾಸ ಅಂದರೆ ಮನೆಯ ಗಂಡಸಿಗೆ ಸ್ಟೇರಿಂಗು, ಹೆಂಗಸಿಗೆ ಡಬ್ಬಿ ಕಟ್ಟುವುದು ಅಂತಾಗಬಾರದು.

“ಡಬ್ಬಿ ಬ್ಯಾಡಾಗಿತ್ತಂದ್ರ ಹೋಟೆಲ್ನ್ಯಾಗ ಉಣಬಹುದಲ್ರೀ?”

“ಹಲಸ್ಯಾಗ ಹನ್ನೊಂದ ಮಂದಿಗೆ ಊಟ ಹುಡುಕ್ಕೋತ ಕುಂತ್ರ ಮಧ್ಯಾಹ್ನನ ಹೋಗತೈತಿ. ಬುತ್ತಿ ಕಟ್ಟೂನು. ಆದ್ರ ಎಲ್ಲಾ ನೀನ ಒಬ್ಬಾಕೀನ ಮಾಡಬ್ಯಾಡ.”

ರೊಟ್ಟಿ ಹಿಂದಿನ ದಿನವೇ ಬಡಿದಿಟ್ಟರೆ ಆಯಿತು. ಖಡಕ್ ರೊಟ್ಟಿಗೆ ಕೆಡುವ ಚಿಂತೆ ಇಲ್ಲ. ಚಟ್ನಿಪುಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಪಲ್ಯ ಒಂದೇ ಸಾಕು. ತಾಟು ಮನೆಯಿಂದಲೇ ಒಯ್ಯಬೇಕು. ಬಳಸಿ ಬಿಸಾಡುವ ತಾಟು, ಗ್ಲಾಸು, ನೀರಿನ ಬಾಟಲಿಗಳು ನದಿಯ ದಂಡೆಗೆ ಬಿದ್ದಿರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ನೀರನ್ನೇ ಮುಂದಿನ ಹಳ್ಳಿಯವರು ಕುಡಿಯುತ್ತಾರೆ, ಆ ದಂಡೆಯಲ್ಲೇ ಅವರ ಎಮ್ಮೆ ಮೇಯುತ್ತವೆ. ಒಯ್ದದ್ದನ್ನೆಲ್ಲಾ ವಾಪಸ್ ತರಲು ಒಂದು ಚೀಲ ಬೇರೆಯೇ ಇರಲಿ.

ತಂಗಿ ಅಲ್ಲೇ ಗೋಡೆಗೆ ಒರಗಿ ಅಣ್ಣನಿಗೆ ಫೋನ್ ಹಚ್ಚಿದಳು. ಮೊದಲು ಅವನು ಒಪ್ಪಲಿಲ್ಲ ಅಂತ ಕಾಣುತ್ತದೆ. “ಇಲ್ಲಣ್ಣಾ, ಕಿತ್ತೂರ ಇಲ್ಲ... ಇಲ್ಲ, ಗೋಕಾಕೂ ಇಲ್ಲ... ಮುಂದಿನ ವರ್ಷ ಉತ್ಸವಕ್ಕ ಬಾರಲಾ, ಅಕ್ಟೋಬರ್ 23ಕ್ಕ ಸುರು ಆಗತೈತಿ. ಆವಾಗ ಕಿತ್ತೂರ ಒಂದ ನೋಡೂನು.” ನಾನು ಈ ಕಡೆಯಿಂದಲೇ ಕೂಗಿ ಸೇರಿಸಿದೆ: ಕಿತ್ತೂರಿನ ದಿನ ಅದರ ಹತ್ತಿರದ ದೇಗಾಂವಕ್ಕೂ ಹೋಗಿ ಬನ್ನಿ, ಕದಂಬ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ ಅಲ್ಲಿದೆ. ಮೊಬೈಲಿನ ನಕ್ಷೆಯಲ್ಲಿ ಹುಡುಕುವಾಗ ಮಾತ್ರ ಎಚ್ಚರ, ಮಹದಾಯಿ ಹುಟ್ಟುವ ದೇಗಾಂವ ಬೇರೆ, ಇದು ಬೇರೆ. ಒಂದರ ಬದಲು ಇನ್ನೊಂದಕ್ಕೆ ಹೊರಟರೆ ಕಾಡು ಸೇರುತ್ತೀರಿ.

ಫೋನ್ ಇಟ್ಟು ತಂಗಿ ಕೇಳಿದಳು, “ನೀವೂ ಬರ್ರಲಾ ಅಕ್ಕಾರ? ಅತ್ತೀಗೆ ಜೋಡಿ ಆಗತೈತಿ.”

“ಬರ್ತೀನಿ. ರೊಟ್ಟಿ ನಂದು, ಬದನಿಕಾಯಿ ಪಲ್ಯ ನಿಂದು. ಮುಂಜಾನೆ ಆರೂವರಿಗೆ ಗಾಡಿ ಗೇಟಿನ ಮುಂದ ಇರಲಿ. ಹುಡುಗೂರನ್ನ ರಾತ್ರಿ ಲಗೂ ಮಲಗಸು.”